ನನಗೆ ಮಾತ್ರ ತೆರೆದ ಮುನ್ನೂರ ಹನ್ನೆರಡು ಲಿಂಕುಗಳು

ಕೆರೆಗೂ ನಾಯಿಯ ಹಲ್ಲಿಗೂ ಏನು ಸಂಬಂಧ ಎಂದು ಕೇಳಿಕೊಂಡು ಒಂದು ಗುರುವಾರ ಬೆಳಿಗ್ಗೆ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಫೋನ್ ಬಂತು. ನಾನು ಆಗಷ್ಟೇ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಗೆ ಒರಗಿದ್ದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಜನ ನನ್ನನ್ನು ಕೇಳಬಾರದ್ದನ್ನೆಲ್ಲ ಕೇಳಿದ್ದಾರೆ. ಹಸಿರು ರಟ್ಟಿನ ಪುಸ್ತಕ ಕೊಡಿ, ಹೆಸರು ನೆನಪಿಲ್ಲ ಎಂದವರಿದ್ದಾರೆ. ತೆಳ್ಳಗಿರುವ ಯಾವುದಾದರೂ ಮಹಾಕಾವ್ಯ ಕೊಡಿ ಎಂದವರೂ ಇದ್ದಾರೆ. ಇದು ಮಾತ್ರ ಹೊಸದು.

"ಯಾವ ಕೆರಿ? ಯಾರ ನಾಯಿ?" ಎಂದೆ.

"ಯಾವ ಕೆರಿ ಅಂತ ಅದರಾಗ ಇಲ್ರಿ ಬಾಯಾರ. ನಾಯಿನೂ ಬರೇ ನಾಯಿ ಅಂತ ಅದ," ಎಂದಿತು ಆ ಕಡೆಯ ಹೆಣ್ಣು ದನಿ. "ಹದಿನಾಕು ಸಲ ಓದೀನ್ರಿ, ತಿಳೀವಲ್ದು. ನನ್ನ ತಲೀನ ಅಷ್ಟಕ್ಕಷ್ಟ, ಅದು ನನಗೂ ಗೊತ್ತದ. ಆದ್ರ ಬರೂ ಸೋಮವಾರ ಐದು ಗಂಟೇಕ್ಕ ಪ್ರಬಂಧ ಕೊಡಬೇಕು. ಸ್ವಲ್ಪ ಬಿಡಿಸಿ ಹೇಳಿದ್ರ ಪುಣ್ಯ ಬರ್ತದ್ರಿ ನಿಮಗ."

ಹೆಸರು ಕಾಶೀಬಾಯಿ. ಹೊಳೆಯ ಆಚೆ ದಂಡೆಯ ಪೇಟೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ. ಮನೆಯಲ್ಲೇ ಕೂತು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದರು. ಉಳಿದೆಲ್ಲ ಪತ್ರಿಕೆ ಪಾಸಾಗಿ ಒಂದೇ ಒಂದು ಉಳಿದಿತ್ತು. ಅದಕ್ಕೆ ಪರೀಕ್ಷೆಯಿಲ್ಲ, ಮೂರು ಲೇಖನ ಓದಿ, ಹಿಂದಿನ ಕಾಲದಲ್ಲಿ ಕೆರೆಗಳನ್ನು ಯಾರು ಕಾಯುತ್ತಿದ್ದರು, ಹೇಗೆ ಕಾಯುತ್ತಿದ್ದರು ಎಂದು ಪ್ರಬಂಧ ಬರೆಯಬೇಕು. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದರು. ಮೂರನೆಯದು ಕೊನೆಯದು. ಇದೂ ಹೋದರೆ ನೋಂದಣಿಯೇ ರದ್ದು, ಪಾಸಾದ ಪತ್ರಿಕೆಗಳೂ ಅದರೊಂದಿಗೇ ಹೋಗುತ್ತವೆ. ನಾಲ್ಕು ವರ್ಷ ನೀರಲ್ಲಿ ಹೋಮ.

ನಾನು ನನ್ನ ಕಂಪ್ಯೂಟರಿನಲ್ಲಿ ಆ ಪತ್ರಿಕೆಯ ಪಟ್ಟಿ ತೆಗೆದೆ. 'ಓದು ಒಂದು' ಎಂಬ ನೀಲಿ ಅಕ್ಷರ ಒತ್ತಿದೆ. 'ಕೆರೆಯ ಹೂಳೆತ್ತುವ ಕರಾರುಗಳು' ಎಂಬ ಲೇಖನ ಟಣ್ಣನೆ ತೆರೆಯಿತು.

"ನಿಮಗ ಏನ್ ಬಂದದ ಓದ್ರಿ," ಎಂದೆ.

"ನಾಯಿಗಳಲ್ಲಿ ದವಡೆ ಹಲ್ಲು ಉದುರುವ ಕ್ರಮ," ಎಂದು ಕಾಶೀಬಾಯಿ ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಓದಿದರು. "ಓದು ಎರಡು ಒತ್ತಿದ್ರ ಜೇನುಗೂಡಿನ ತೂಕ. ಓದು ಮೂರು, ಗಾಜಿನ ಕುಲುಮಿ ಎಷ್ಟು ಕಾಯಬೇಕು ಅಂತ. ಮೂರೂ ಬಾಯಿಪಾಠ ಆಗ್ಯಾವ್ರಿ. ಕೆರಿಗೆ ಹೆಂಗ ಹೊಂದಸಬೇಕು ಅನ್ನೂದ ಒಂದು ತಿಳೀವಲ್ದು."

"ನೀವು ಬ್ಯಾರೆ ಎಲ್ಲೋ ಒತ್ತೀರಿ."

"ಇಲ್ರೀ. ನಿಮ್ಮ ಗ್ರಂಥಾಲಯದವರು ಮಾಡಿಟ್ಟ ನೀಲಿ ಅಕ್ಷರ."

"ನನಗ ತೆರೀತದಲ್ಲ!" ಎಂದೆ. ಸ್ವಲ್ಪ ಗಡುಸಾಗಿಯೇ ಎಂದೆ. ನನ್ನ ಕೆಲಸಕ್ಕೆ ಕೊಂಕು ತೆಗೆದರೆ ನನಗೆ ಆಗಿಬರುವುದಿಲ್ಲ.

ಇಲ್ಲಿ ನಮ್ಮೂರಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮೂರಲ್ಲಿ ಒಬ್ಬರು ನಡೆದ ದಾರಿ ಇನ್ನೊಬ್ಬರನ್ನು ಅಲ್ಲಿಗೆ ಒಯ್ಯುವುದಿಲ್ಲ. ನಮ್ಮ ಮನೆಯಿಂದ ಸಂತೆಗೆ ನಾನು ಹಿಟ್ಟಿನ ಗಿರಣಿಯ ಪಕ್ಕದ ಓಣಿ ಹಿಡಿದು ಹೋಗುತ್ತೇನೆ, ನೆಟ್ಟಗೆ ಕಾಯಿಪಲ್ಲೆ ಸಾಲಿಗೆ ಮುಟ್ಟುತ್ತೇನೆ. ಅದೇ ಓಣಿ ಹಿಡಿದ ನನ್ನ ಗಂಡ ಅಂಚೆ ಕಚೇರಿಯ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ನನ್ನ ತಮ್ಮನ ಹೆಂಡತಿಗೆ ಬೇರೆ ಊರಿನ ರೂಢಿ. ಫೋನಿನಲ್ಲಿ ನಮ್ಮ ಮನೆಯ ದಾರಿ ಕೇಳಿದಳು, ನಾನೂ ಯಾವ ಜ್ಞಾನದಲ್ಲಿದ್ದೆನೋ, ಹೇಳಿಬಿಟ್ಟೆ. ಪಾಪ, ದನದ ಆಸ್ಪತ್ರೆಗೆ ಹೋಗಿ ಅರ್ಧ ದಿನ ಕೂತಿದ್ದಳು. ಚಹಾ ಕೊಟ್ಟರಂತೆ, ಹಾಗಾಗಿ ಅದೇ ಅತ್ತಿಗೆಯ ಮನೆ ಇರಬೇಕು ಅಂದುಕೊಂಡಳಂತೆ.

ಅದಕ್ಕೇ ನಮ್ಮಲ್ಲಿ ಯಾರೂ ಯಾರಿಗೂ ದಾರಿ ಹೇಳುವುದಿಲ್ಲ. ಹೊಸ ಜಾಗಕ್ಕೆ ಹೋಗಬೇಕಾದವರು ಕೇಳುಕಟ್ಟೆಗೆ ಹೋಗುತ್ತಾರೆ. ಓಣಿಗೊಂದು ಕೇಳುಕಟ್ಟೆ ಇದೆ. ಕಟ್ಟೆಯ ಮೇಲೆ ಕೂತವರು, ಯಾರು, ಎಲ್ಲಿಗೆ ಎನ್ನುತ್ತಾರೆ. ನಮ್ಮ ಹೆಸರು ಹೇಳಬೇಕು, ಆಮೇಲೆ ಹೋಗಬೇಕಾದ ಮನೆಯ ಬಾಗಿಲ ಮೇಲೆ ಕೆತ್ತಿದ ಹೆಸರು ಹೇಳಬೇಕು. ಅವರು ಗಂಟೆ ಬಾರಿಸುತ್ತಾರೆ. ಆಮೇಲೆ ಯಾವ ರಸ್ತೆ ಹಿಡಿದರೂ ಆ ಮನೆಗೇ ಹೋಗುತ್ತದೆ. ಮದುವೆಯ ಕಾರ್ಡಿನಲ್ಲೂ ಅಷ್ಟೇ, ಬಾಗಿಲ ಹೆಸರು ಮಾತ್ರ ಇರುತ್ತದೆ. ಇದರಿಂದ ನಮ್ಮೂರಲ್ಲಿ ಮರ್ಯಾದೆಯ ಒಂದು ನಿಯಮವೂ ಬೆಳೆದಿದೆ: ಇನ್ನೊಬ್ಬರು ನಡೆದ ದಾರಿಯಲ್ಲಿ ಕಾಲಿಡುವುದು ಅಸಹ್ಯ. ಗಂಡಹೆಂಡಿರೂ ಬೇರೆ ಬೇರೆ ಹೊತ್ತಿಗೆ ಮನೆ ಬಿಟ್ಟು ಒಂದೇ ನಾಟಕಕ್ಕೆ ಹೋಗುತ್ತಾರೆ. ಹೋದ ಮೇಲೆ ಅಕ್ಕಪಕ್ಕ ಕೂರುತ್ತಾರೆ.

ಇಷ್ಟೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಮೂರು ವರ್ಷದ ಹಿಂದೆ ಮನೆಯಲ್ಲಿ ಕೂತು ಓದುವವರಿಗಾಗಿ ಎಲ್ಲ ಪತ್ರಿಕೆಗಳ ಓದಿನ ಪಟ್ಟಿಗೆ ಲಿಂಕ್ ಹಾಕಬೇಕೆಂದು ಆದೇಶ ಬಂತು. ಕೆಲಸ ನನ್ನ ಪಾಲಿಗೆ. ನಾನು ಬೆಳಿಗ್ಗೆ ಬಂದು ಗ್ರಂಥಾಲಯದ ಮೊದಲ ಪುಟದಲ್ಲಿ ನನ್ನ ನಂಬರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗುವುದು, ಹುಡುಕುವುದು, ಲೇಖನ ಸಿಕ್ಕಿತೋ, ಸ್ಕ್ರೀನಿನ ತಲೆಯ ಮೇಲೆ ಇರುವ ಉದ್ದನೆಯ ವಿಳಾಸವನ್ನು ಎತ್ತಿ ಪಟ್ಟಿಗೆ ಅಂಟಿಸುವುದು. ಲೇಖನಗಳ ಹೆಸರೂ ಹಾಕಬಹುದಿತ್ತು. ಆದರೆ ಒಂದೊಂದರ ಹೆಸರು ಮೂರು ಸಾಲು. ಪಟ್ಟಿ ಅಡ್ಡಾದಿಡ್ಡಿಯಾಗಿ ಕಾಣುತ್ತಿತ್ತು. ನನಗೆ ಅಡ್ಡಾದಿಡ್ಡಿ ಆಗುವುದಿಲ್ಲ. ಹೆಸರೆಲ್ಲ ತೆಗೆದು ಓದು ಒಂದು, ಓದು ಎರಡು ಎಂದು ಚೊಕ್ಕವಾಗಿ ಹಾಕಿದೆ. ಒಟ್ಟು ಮುನ್ನೂರ ಹನ್ನೆರಡು ಲಿಂಕು. ಎಲ್ಲವನ್ನೂ ನಾನೇ ಒತ್ತಿ ಪರೀಕ್ಷೆ ಮಾಡಿದೆ. ಒಂದೂ ತಪ್ಪಲಿಲ್ಲ.

ಬೇರೆಯವರಿಂದ ಒಂದು ಸಲ ಒತ್ತಿಸಿ ನೋಡೋಣವೇ ಎಂದು ನಾನು ಕೇಳಲಿಲ್ಲ, ನೋಡುತ್ತೇನೆ ಎಂದು ಯಾರೂ ಅನ್ನಲಿಲ್ಲ. ನಾನು ನಡೆದು ನೋಡಿದ ದಾರಿಯಲ್ಲಿ ಇನ್ನೊಬ್ಬರು ಕಾಲಿಡುವುದೇ? ನಮ್ಮ ಗ್ರಂಥಪಾಲಕರು ಅಡಿವೆಪ್ಪ ಸರ್, ದೊಡ್ಡ ಮರ್ಯಾದಸ್ತರು. "ನೀವು ನೋಡೀರಿ ಅಂದ್ರ ಮುಗೀತು, ಮಂದಾಕಿನಿಬಾಯಿ," ಎಂದು ಸಹಿ ಹಾಕಿಬಿಟ್ಟರು. ಮೂರು ವರ್ಷ ಒಂದು ದೂರೂ ಬರಲಿಲ್ಲ; ತಪ್ಪು ಜಾಗಕ್ಕೆ ಹೋಗಿ ನಿಂತರೆ ನಮ್ಮ ಕಡೆಯ ಜನ ತಮ್ಮ ಕಾಲನ್ನೇ ದೂರುತ್ತಾರೆ.

ಆ ಗುರುವಾರ ನಾನು ಕಾಶೀಬಾಯಿಯವರ ಫೋನಿಟ್ಟು ಅಡಿವೆಪ್ಪ ಸರ್ ಹತ್ತಿರ ಹೋದೆ. ಲಿಂಕು ಕೆಟ್ಟಿರಬಹುದು ಎಂದೆ. "ಕಂಪ್ಯೂಟರಿಗೆ ಕಾಲಿಲ್ಲ. ಕಾಲಿಲ್ಲ ಅಂದ ಮ್ಯಾಲೆ ದಾರಿ ಎಲ್ಲಿಂದ ಬಂತು?" ಎಂದರು. ಮಾತು ಸರಿಯಾಗಿಯೇ ಇತ್ತು. ಆದರೂ ಒಂದು ಸಲ ಒತ್ತಿ ನೋಡಿ ಎಂದು ಬೇಡಿಕೊಂಡೆ. ಅವರ ಮುಖ ಕೆಂಪಾಯಿತು. ಎದ್ದು ಕಿಟಕಿ ಮುಚ್ಚಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಂದೇ ಬೆರಳಿನಿಂದ ಓದು ಒಂದು ಒತ್ತಿದರು. ಮೂವತ್ತು ವರ್ಷ ಹಳೆಯ ರೈಲ್ವೆ ವೇಳಾಪಟ್ಟಿ ಬಂತು. ಅವರು ಅದನ್ನು ಬಹಳ ಹೊತ್ತು ನೋಡಿದರು. "ಈ ಗಾಡಿ ಈಗ ಇಲ್ಲ," ಎಂದರು.

ಪಟ್ಟಿ ಮಾಡಿಕೊಟ್ಟಿದ್ದ ಇತಿಹಾಸದ ಪ್ರೊಫೆಸರ್ ಹೂಲಿಕಟ್ಟಿಯವರನ್ನು ಕರೆಸಿದೆವು. ತಮ್ಮದೇ ಪಟ್ಟಿಯ ಲಿಂಕನ್ನು ಅವರು ಮೂರು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಲೇಖನಗಳು ಅವರ ಕಪಾಟಿನಲ್ಲಿ ಕಾಗದದ ಮೇಲೇ ಇದ್ದವು. ಒತ್ತಿದರು. ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವ ವಿಚಾರ ಬಂತು. "ಇದು ನಾನು ಕೊಟ್ಟದ್ದಲ್ಲ," ಎಂದರು. "ನನಗ ತೆರೀತದ," ಎಂದೆ ನಾನು. ಒತ್ತಿ ತೋರಿಸಿದೆ. ಕೆರೆ ಬಂತು. ಅವರು ಒತ್ತಿದರು. ಉಪ್ಪಿನಕಾಯಿ ಬಂತು. ನಾನು, ಕೆರೆ. ಅವರು, ಉಪ್ಪಿನಕಾಯಿ. ನನ್ನ ತಲೆ ಮೊಸರು ಗಡಿಗೆಯಾಯಿತು.

ಕಾಶೀಬಾಯಿಗೆ ಮತ್ತೆ ಫೋನ್ ಮಾಡಿ, ನಿಮಗೆ ಕಾಣುವ ಪುಟದ ವಿಳಾಸವನ್ನೇ ನನಗೆ ಕಳಿಸಿ ಎಂದೆ. ಕಳಿಸಿದರು. ಒತ್ತಿದೆ. ನಾಯಿಯೂ ಇಲ್ಲ, ಹಲ್ಲೂ ಇಲ್ಲ. ಸೀರೆಯ ಅಂಚಿಗೆ ಬಣ್ಣ ಕಟ್ಟುವ ವಿಧಾನ. ಪುಟವನ್ನೇ ಇಳಿಸಿ ಕಳಿಸೋಣ, ಇಲ್ಲವೇ ಹೂಲಿಕಟ್ಟಿ ಸರ್ ಕಪಾಟಿನ ಕಾಗದಗಳನ್ನೇ ಕೊಡೋಣವೆಂದರೆ ಎರಡಕ್ಕೂ ಅಪ್ಪಣೆಯಿಲ್ಲ; ಲೇಖನ ಕೊಟ್ಟವರೊಂದಿಗೆ ಹಾಗೆ ಕರಾರಾಗಿದೆ, ಓದುವವರು ತಾವೇ ಒಳಗೆ ಬಂದು ಓದಬೇಕು. ಹಾಗಾದರೆ ನೀವೇ ಗ್ರಂಥಾಲಯಕ್ಕೆ ಬಂದುಬಿಡಿ ಎಂದೆ.

"ಸಾಲಿ ಸುರು ಆಗೂ ಹಂಗಾಮ್ರಿ ಬಾಯಾರ. ಒಂದಿನ ಎದ್ದು ಬಂದ್ರ ಮಷೀನು ಬ್ಯಾರೆದವರ ಪಾಲಾಗ್ತದ," ಎಂದರು. ಆಮೇಲೆ ಸಮಾಧಾನ ಹೇಳುವವರ ಹಾಗೆ, "ಇರ್ಲಿ ಬಿಡ್ರಿ, ನಾಯಿ ಹಲ್ಲಿನ ಮ್ಯಾಲೇ ಇನ್ನೊಮ್ಮೆ ಬರೀತೀನಿ. ಈ ಸಲ ಇನ್ನೂ ಛಂದಾಗಿ ಬರೀತೀನಿ."

ಇನ್ನೊಮ್ಮೆ ಎಂದರಲ್ಲ! ಹಿಂದಿನ ಎರಡು ಸಲವೂ ಇದನ್ನೇ ಓದಿ ಬರೆದರೇ ಎಂದು ಕೇಳುವ ಧೈರ್ಯ ಆಗಲಿಲ್ಲ. ನಾಳೆ ನಾನೇ ಬರುತ್ತೇನೆ, ಬಾಗಿಲ ಹೆಸರು ಹೇಳಿ ಎಂದೆ. ಎಣ್ಣೆಗಾಣದ ಮನೆ ಎಂದರು.

ಶುಕ್ರವಾರ ರಜೆ ಹಾಕಿ ನಮ್ಮ ಓಣಿಯ ಕೇಳುಕಟ್ಟೆಗೆ ಹೋದೆ. ಕಟ್ಟೆಯ ಮೇಲಿನ ಮುದುಕ ತಲೆ ಎತ್ತದೆ, "ಯಾರು, ಎಲ್ಲಿಗೆ?" ಎಂದ. ಮಂದಾಕಿನಿ, ಎಣ್ಣೆಗಾಣದ ಮನೆಗೆ ಎಂದೆ. ಗಂಟೆ ಬಾರಿಸಿದ. ನಾನು ಯಾವುದೋ ರಸ್ತೆ ಹಿಡಿದು ನಡೆಯತೊಡಗಿದೆ. ಸೇತುವೆ ದಾಟುವಾಗ ತಲೆಗೆ ಒಂದು ವಿಚಾರ ಬಂತು. ಆ ಪೇಟೆಯಲ್ಲಿ ಎಣ್ಣೆಗಾಣ ಕಿತ್ತುಹಾಕಿ ಎಂಬತ್ತು ವರ್ಷವಾಗಿದೆ, ಆದರೂ ಬಾಗಿಲ ಹೆಸರು ಅದೇ ಇದೆ, ಯಾರು ಹೇಳಿದರೂ ಅಲ್ಲಿಗೇ ಹೋಗುತ್ತದೆ. ನಾನು ಪಟ್ಟಿಗೆ ಅಂಟಿಸಿದ್ದು ಯಾವ ಲೇಖನದ ಬಾಗಿಲ ಹೆಸರನ್ನೂ ಅಲ್ಲ. ಹುಡುಕಿಕೊಂಡು ಹೋಗುವಾಗ ನಾನು ತುಳಿದ ಓಣಿಗಳನ್ನು. ಪ್ರತಿ ಲೇಖನದ ಪುಟದ ಬುಡದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, 'ಸ್ಥಿರ ವಿಳಾಸ' ಎಂದು ಒಂದು ಗಿಡ್ಡ ಸಾಲು ಇರುತ್ತದೆ. ಅದನ್ನು ಮೂರು ವರ್ಷ ದಿನಾ ನೋಡಿದ್ದೇನೆ, ಇದೇನು ಕಸ ಎಂದು ಬಿಟ್ಟಿದ್ದೇನೆ. ಸೇತುವೆಯ ಮೇಲೆಯೇ ನಿಂತು ನನಗೆ ನಾನೇ ಬೈದುಕೊಂಡೆ.

ಎಣ್ಣೆಗಾಣದ ಮನೆಯೆಂದರೆ ಒಂದು ಪಡಸಾಲೆ, ಒಂದು ಅಡಿಗೆಮನೆ. ಪಡಸಾಲೆಯಲ್ಲಿ ಎರಡು ಹೊಲಿಗೆ ಮಷೀನು, ಸುತ್ತ ನೀಲಿ ಚಡ್ಡಿಗಳ ರಾಶಿ. ಕಾಶೀಬಾಯಿಗೆ ನಲವತ್ತರ ಆಸುಪಾಸು, ಕೊರಳಲ್ಲಿ ಅಳತೆ ಟೇಪು. ಇನ್ನೊಂದು ಮಷೀನಿನ ಮುಂದೆ ಹತ್ತೊಂಬತ್ತರ ಹುಡುಗಿ ತಲೆ ಬಗ್ಗಿಸಿ ಕಾಲರ್ ಹೊಲಿಯುತ್ತಿದ್ದಳು.

"ನನ್ನ ಮಗಳ್ರಿ, ಕುಸುಮಾ," ಎಂದರು. "ಕಾಲೇಜಿಗೆ ಹೊಂಟಿದ್ಲು. ನಾ ಎರಡನೇ ಸಲ ಫೇಲಾದಾಗ ಬಿಡಿಸಿದೆ. ನಮ್ಮ ತಲಿಗೆ ಓದು ಹತ್ತಂಗಿಲ್ರಿ. ನನಗ ಗೊತ್ತಾಗಲಿಕ್ಕ ಇಷ್ಟು ವರ್ಷ ಬೇಕಾತು, ಅಕಿಗೆ ಯಾಕ ಆ ತ್ರಾಸು ಅಂತ."

ಹುಡುಗಿ ತಲೆ ಎತ್ತಲಿಲ್ಲ. ಮಷೀನು ಓಡುತ್ತಲೇ ಇತ್ತು.

ಕಾಶೀಬಾಯಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಹಿಂದಿನ ಎರಡೂ ಪ್ರಬಂಧ ನನ್ನ ಕೈಗಿಟ್ಟರು. ಎಲ್ಲಿ ತಪ್ಪಿದ್ದೇನೆ ಹೇಳಿ ಎಂದರು. ಮುತ್ತು ಪೋಣಿಸಿದಂಥ ಅಕ್ಷರ. 'ನಾಯಿಯ ಕೋರೆಹಲ್ಲು ಹಿಡಿದದ್ದನ್ನು ಬಿಡುವುದಿಲ್ಲ. ಹಳೆಯ ಹಲ್ಲು ಉದುರಿದ ಜಾಗದಲ್ಲಿ ಹೊಸದು ಬರುತ್ತದೆ. ಕೆರೆ ಕಾಯುವ ಮನೆತನಗಳಲ್ಲಿಯೂ ತಂದೆಯ ಜಾಗಕ್ಕೆ ಮಗ ಬರುತ್ತಿದ್ದಿರಬೇಕು ಎಂದು ಇದರಿಂದ ಊಹಿಸಬಹುದು.' ಹೀಗೆ ಹದಿನೆಂಟು ಪುಟ. ಜೇನುಗೂಡಿನಿಂದ ತೂಬಿನ ನೀರಿನ ಲೆಕ್ಕ ತೆಗೆದಿದ್ದರು. ಕುಲುಮೆಯಿಂದ ಬೇಸಿಗೆಯ ಆವಿಯ ಬಗ್ಗೆ ಎರಡು ಪುಟ ಎಳೆದಿದ್ದರು. ಕೊನೆಯ ಪುಟದಲ್ಲಿ ಯಾರೋ ಹೊರಗಿನ ಪರೀಕ್ಷಕರು ಕೆಂಪು ಶಾಯಿಯಲ್ಲಿ ಬರೆದ ಒಂದೇ ಪದ: ಅಪ್ರಸ್ತುತ. ಮರುವರ್ಷದ್ದರಲ್ಲಿ ಎರಡು ಪದ: ಸಂಪೂರ್ಣ ಅಪ್ರಸ್ತುತ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಪ್ಪು ನನ್ನದೆಂದು ಹೇಳಿಬಿಡು ಎಂದು ಒಳಗಿನಿಂದ ಏನೋ ಒತ್ತುತ್ತಿತ್ತು. ನಾನು ಪ್ರಬಂಧ ಮಡಚಿ ವಾಪಸು ಕೊಟ್ಟು, "ಏನೋ ಕಂಪ್ಯೂಟರಿಂದ ದೋಷ ಆಗೇದ, ನೋಡೂಣು," ಎಂದೆ. ಕಂಪ್ಯೂಟರಿಗೆ ಕಾಲಷ್ಟೇ ಅಲ್ಲ, ಬಾಯಿಯೂ ಇಲ್ಲ. ಪಾಪ, ಅದು ಏನೂ ಹೇಳಲಿಲ್ಲ.

ನನ್ನ ಫೋನಿನಲ್ಲಿ ಲೇಖನ ತೆಗೆದು, ಬುಡದಲ್ಲಿದ್ದ ಸ್ಥಿರ ವಿಳಾಸ ಎತ್ತಿ ಅವರ ಫೋನಿಗೆ ಕಳಿಸಿದೆ. ಒತ್ತಿದರು. 'ಕೆರೆಯ ಹೂಳೆತ್ತುವ ಕರಾರುಗಳು' ಎಂಬ ಹೆಸರು ಕಂಡಿತು. ನಾನು ಉಸಿರು ಬಿಡುವಷ್ಟರಲ್ಲಿ ಅದರ ಕೆಳಗೆ, ನಿಮಗೆ ಒಳಗೆ ಬರಲು ಹಕ್ಕಿಲ್ಲ ಎಂದು ಬಂತು. ನಾನು ಒತ್ತಿದರೆ ತೆರೆಯುತ್ತದೆ, ಅವರು ಒತ್ತಿದರೆ ಬಾಗಿಲವರೆಗೆ ಹೋಗಿ ನಿಲ್ಲುತ್ತದೆ. ಎರಡು ಸಲ, ಮೂರು ಸಲ ಮಾಡಿದೆವು. ಮನೆ ಸರಿಯಾಗಿದೆ, ಬಾಗಿಲು ಯಾಕೆ ತೆಗೆಯುವುದಿಲ್ಲ? ಮತ್ತೆ ನನ್ನ ತಲೆ ಗಿರ್ರೆಂದಿತು. ಫೋನನ್ನೇ ಗೋಡೆಗೆ ಬೀಸಿ ಒಗೆಯಬೇಕೆನ್ನಿಸಿತು.

ಕಾಶೀಬಾಯಿ ಸುಮ್ಮನೆ ನೋಡುತ್ತಿದ್ದವರು, "ತಪ್ಪು ತಿಳೀಬ್ಯಾಡ್ರಿ ಬಾಯಾರ, ನಾ ಒಂದು ಕೇಳ್ಲಿ?" ಎಂದರು. "ನೀವು ಈಗ ನಮ್ಮನಿಗೆ ಬರುವಾಗ ಕಟ್ಟೀಗೆ ಹೋಗಿ ಬಂದ್ರೇನು?"

"ಮತ್ತ? ಕಟ್ಟೀಗೆ ಹೋಗದ ಹೆಂಗ ಬರ್ಲಿ?"

"ಹಂಗಾದ್ರ ಈ ಲಿಂಕು ಕಟ್ಟೀಗೆ ಹೋಗೇದೇನ್ರಿ? ಯಾರು ಅಂತ ನನ್ನ ಯಾರೂ ಕೇಳಿಲ್ಲ. ನಾನೂ ಯಾರಿಗೂ ಹೆಸರು ಹೇಳಿಲ್ಲ. ಸೀದಾ ಮನಿ ಮುಂದ ಹೋಗಿ ನಿಂತ್ರ, ಒಳಗಿನವರು ಯಾರಂತ ತಿಳದು ಕದಾ ತಗೀಬೇಕು?"

ನಾನು ಅವರ ಮುಖವನ್ನೇ ನೋಡಿದೆ. ಗ್ರಂಥಾಲಯದ ಮೊದಲ ಪುಟ! ನಂಬರು ಕೊಡಿ, ಪಾಸ್‌ವರ್ಡು ಕೊಡಿ ಎಂದು ಕೇಳುವ ಆ ಪುಟವೇ ನಮ್ಮ ಕಟ್ಟೆ. ನಾನು ಬೆಳಿಗ್ಗೆಯೇ ಅದನ್ನು ದಾಟಿ ಒಳಗೆ ಕೂತಿರುತ್ತಿದ್ದೆ, ನನ್ನನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ. ಹೊರಗೆ ಕೂತವರು ಅಲ್ಲಿಂದ ಬರಬೇಕು ಎಂಬುದೇ ಮರೆತುಹೋಗಿತ್ತು. ಆ ಪುಟದ ವಿಳಾಸವನ್ನು ಮೊದಲು ಹಾಕಿ, ಅದಕ್ಕೆ ತಾಗಿಸಿ ಲೇಖನದ ಸ್ಥಿರ ವಿಳಾಸ ಹಾಕಿದೆ. ನಡುವೆ ಒಂದು ಚುಕ್ಕೆಯಷ್ಟೂ ಜಾಗ ಬಿಡಲಿಲ್ಲ. ಕಳಿಸಿದೆ. ಅವರು ಒತ್ತಿದರು.

"ನಂಬರು ಕೇಳ್ತದ್ರಿ."

"ಕೊಡ್ರಿ."

ಕೊಟ್ಟರು. ಫೋನು ಒಂದು ಕ್ಷಣ ಯೋಚಿಸಿತು. ಆಮೇಲೆ ಕಾಶೀಬಾಯಿ ಗಟ್ಟಿಯಾಗಿ ಓದತೊಡಗಿದರು. ಕೆರೆಯ ಹೂಳು ಎತ್ತಲು ಊರಿನ ಯಾವ ಯಾವ ಮನೆಯವರು ಎಷ್ಟೆಷ್ಟು ದಿನ ಬರಬೇಕು, ಬಾರದವರಿಗೆ ಏನು ಶಿಕ್ಷೆ, ಅದೆಲ್ಲ ಆ ಪುಟದಲ್ಲಿತ್ತು. ನಾನು ಅವರ ಹೆಗಲ ಮೇಲಿಂದ ಬಗ್ಗಿ ಅದೇ ಸಾಲುಗಳನ್ನು ನೋಡುತ್ತಿದ್ದೆ. ಇನ್ನೊಬ್ಬರ ಹೆಗಲಿಗೆ ಇಷ್ಟು ಹತ್ತಿರ ನಿಂತು ಒಂದೇ ಪುಟ ಓದಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಸಹ್ಯವೇನೂ ಅನ್ನಿಸಲಿಲ್ಲ.

ಎರಡು ಪುಟ ಓದಿ ಅವರು ನಿಲ್ಲಿಸಿದರು. ಹುಬ್ಬು ಗಂಟಿಕ್ಕಿತ್ತು. "ಇದು ಇಷ್ಟು ಸಸಾರ ಅದಲ್ರೀ?" ಎಂದರು. "ಓದಿದ್ದು ಓದಿದಂಗ ತಿಳೀತದ! ಮತ್ತ ನಾ ಇಷ್ಟು ದಿನಾ ಓದಿದ್ದು ಏನ್ರಿ ಅದು?"

ಮಷೀನು ನಿಂತಿತು. ಕುಸುಮಾ ನಮ್ಮ ಕಡೆ ನೋಡುತ್ತಿದ್ದಳು.

"ಈಗ ಅದೆಲ್ಲ ಯಾಕ? ಮೂರು ದಿನ ಉಳದದ, ಮೊದಲ ಇದನ್ನ ಬರೀರಿ," ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಇನ್ನೂ ಎರಡು ಲಿಂಕು ಮಾಡಿಕೊಟ್ಟು, ಮೂರೂ ತೆರೆಯುವುದನ್ನು ನೋಡಿಕೊಂಡು, ಚಹಾಕ್ಕೂ ನಿಲ್ಲದೆ ಓಡಿಬಂದೆ. ಆ ದಿನ ನಾನು ಹೇಡಿ. ಬೇರೆ ಹೆಸರಿಲ್ಲ ಅದಕ್ಕೆ.

ಸೋಮವಾರ ನಾಲ್ಕೂವರೆಗೆ ಪ್ರಬಂಧ ಬಂತೆಂದು ಹೂಲಿಕಟ್ಟಿ ಸರ್ ಹೇಳಿದರು. ನಾನು ಉಳಿದ ಮುನ್ನೂರ ಒಂಬತ್ತು ಲಿಂಕು ಹಿಡಿದು ಕೂತೆ. ಕಟ್ಟೆಯ ವಿಳಾಸ, ಅದರ ಬೆನ್ನಿಗೆ ಬಾಗಿಲ ಹೆಸರು. ಲೇಖನಗಳ ಹೆಸರೂ ಹಾಕಿದೆ, ಪಟ್ಟಿ ಅಡ್ಡಾದಿಡ್ಡಿಯಾದರೆ ಆಗಲಿ. ನಾನು ಮಾಡಿದ್ದನ್ನು ಅಡಿವೆಪ್ಪ ಸರ್ ಒತ್ತಿ ನೋಡಬೇಕು ಎಂದು ಹಟ ಹಿಡಿದೆ. ಅವರು ಪ್ರತಿ ಸಲವೂ "ಕ್ಷಮಿಸ್ರಿ" ಎಂದು ಹೇಳಿಯೇ ಒತ್ತುತ್ತಿದ್ದರು. ಮುನ್ನೂರ ಒಂಬತ್ತು ಕ್ಷಮೆ. ಅದರಲ್ಲಿ ಒಂದು ಮಾತ್ರ ಮತ್ತೆ ಹಳೆಯ ರೈಲ್ವೆ ವೇಳಾಪಟ್ಟಿಗೆ ಹೋಯಿತು. ಸ್ಥಿರ ವಿಳಾಸದ ಬದಲು ಕೈಯ ರೂಢಿಯಿಂದ ಸ್ಕ್ರೀನಿನ ತಲೆಯ ಮೇಲಿನ ವಿಳಾಸವನ್ನೇ ಎತ್ತಿದ್ದೆ. ಸರಿಪಡಿಸಿದೆ. ಕೆಲಸ ಮುಗಿದರೂ ಕೆಂಪು ಶಾಯಿಯ ಆ ಪದ ಕಣ್ಣೆದುರಿನಿಂದ ಹೋಗಲಿಲ್ಲ. ಕಾಶೀಬಾಯಿಗೆ ಫೋನ್ ಮಾಡಬೇಕೆಂದು ಎಷ್ಟೋ ಸಲ ರಿಸೀವರ್ ಎತ್ತಿ ಇಟ್ಟೆ.

ಒಂದೂವರೆ ತಿಂಗಳಿಗೆ ಅವರೇ ಬಂದರು. ಊಟದ ಬಿಡುವು ಮುಗಿದ ಹೊತ್ತು. ಹೊಸ ಸೀರೆ ಉಟ್ಟಿದ್ದರು. ಸ್ವಲ್ಪ ಹೊತ್ತು ಬಿಟ್ಟು ಕುಸುಮಾ ಬಂದು, ಪುಸ್ತಕದ ಕಪಾಟುಗಳ ಹತ್ತಿರವೇ ನಿಂತುಬಿಟ್ಟಳು.

"ಪಾಸಾದೆ ಬಾಯಾರ! ಅರವತ್ತೊಂದು ಮಾರ್ಕು!" ಎಂದು ಕಾಶೀಬಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಚೀಲದಿಂದ ಒಂದು ಬಟ್ಟೆ ತೆಗೆದು ನನ್ನ ಕಂಪ್ಯೂಟರಿಗೆ ತೊಡಿಸಿದರು. ಸಮವಸ್ತ್ರದ ನೀಲಿ ಬಟ್ಟೆ, ಸುತ್ತ ಬಿಳಿ ಅಂಚು, ಬದಿಗೆ ಮೌಸ್ ಇಡಲು ಪುಟ್ಟ ಜೇಬು. ಅಳತೆ ತೆಗೆಯದೆ ಹೊಲಿದದ್ದಾದರೂ ಸರಿಯಾಗಿ ಕೂತಿತು. "ನನ್ನಂಥಾ ದಡ್ಡೀನ್ನ ದಂಡಿ ಮುಟ್ಟಿಸಿದ್ರಿ. ಎರಡು ವರ್ಷ ಹದಿನೆಂಟು ಹದಿನೆಂಟು ಪುಟ ಬರದು ಒಂದು ಸಾಲು ಸರಿ ಬರೀಲಿಕ್ಕ ಆಗದಿದ್ದಾಕಿನ್ನ! ನಿಮ್ಮ ಉಪಕಾರ ಹೆಂಗ ತೀರಸ್ಲಿ?"

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ನನಗೆ ರೂಢಿ. ಆ ನೀಲಿ ಬಟ್ಟೆಯ ಹೊಲಿಗೆ ನೋಡುತ್ತ ನನಗೆ ಇನ್ನು ತಡೆಯಲು ಆಗಲಿಲ್ಲ.

"ಕೂಡ್ರಿ," ಎಂದೆ. "ನೀವು ದಡ್ಡಿ ಅಲ್ಲ. ನಿಮಗ ಓದಲಿಕ್ಕ ಕೊಟ್ಟದ್ದ ತಪ್ಪಿತ್ತು. ಆ ಲಿಂಕು ಮಾಡಿದಾಕಿ ನಾನು. ಕಂಪ್ಯೂಟರಿನ ದೋಷ ಅಲ್ಲ ಅದು, ಸುಳ್ಳು ಹೇಳಿದೆ. ಬಾಗಿಲ ಹೆಸರು ಹಾಕೂ ಜಾಗಾದಾಗ ನಾ ನಡದ ದಾರಿ ಹಾಕಿದ್ದೆ. ಲೇಖನದ ಹೆಸರು ಸುದ್ದಾ ಅಳಿಸಿದ್ದೆ, ಪಟ್ಟಿ ಛಂದ ಕಾಣಲಿ ಅಂತ. ನಾಯಿ ಹಲ್ಲು ನಿಮ್ಮ ಪಾಠದಾಗ ಎಂದೂ ಇರಲೇ ಇಲ್ಲ. ಎರಡೂ ಸಲ ಫೇಲಾಗಬೇಕಾದಾಕಿ ನಾನು, ನೀವಲ್ಲ."

ಕಾಶೀಬಾಯಿಯವರ ಬೆರಳು ಆ ಹೊದಿಕೆಯ ಬಿಳಿ ಅಂಚಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಮತ್ತೆ ತಿರುಗಿ ಬಂತು. ಕಣ್ಣು ತುಂಬಿದ್ದವು, ಆದರೆ ಅಳುತ್ತಿರಲಿಲ್ಲ. ನನಗೆ ಹೊಡೆಯುತ್ತಾರೆ ಎಂದೇ ಅನ್ನಿಸಿತು. ಹೊಡೆದಿದ್ದರೆ ನಾನು ಸುಮ್ಮನೆ ಕೂರುತ್ತಿದ್ದೆ. ಗೋಡೆಯ ಗಡಿಯಾರ ನೋಡಿದೆ, ಮೇಜು ನೋಡಿದೆ, ನನ್ನ ಕೈ ನೋಡಿಕೊಂಡೆ. ಎಲ್ಲಿ ನೋಡಬೇಕೆಂದೇ ತಿಳಿಯದಾಯಿತು.

ಕೊನೆಗೆ ಅವರು ಕಪಾಟುಗಳ ಕಡೆ ತಿರುಗಿ, "ಕುಸುಮಾ, ಇಲ್ಲಿ ಬಾ," ಎಂದು ಕರೆದರು. ಮಗಳು ಬಂದು ಪಕ್ಕದಲ್ಲಿ ನಿಂತಳು. "ಈಗ ಹೇಳಿದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ ಬಾಯಾರ. ಇಕಿಗೆ ಕೇಳೂ ಹಂಗ ಹೇಳ್ರಿ."

ಮೊದಲನೆಯ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು. ಲಿಂಕು, ಕಟ್ಟೆ, ಬಾಗಿಲ ಹೆಸರು ಎಂದೆಲ್ಲ ಶುರುಮಾಡಿ ನಡುವೆ ತೊದಲಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಎಲ್ಲ ಬಿಟ್ಟು, "ನಿಮ್ಮವ್ವ ಜಾಣಿ ಇದ್ದಾಳವ್ವಾ. ನನ್ನ ತಪ್ಪಿನಿಂದ ಫೇಲಾದ್ಲು," ಎಂದಷ್ಟೇ ಹೇಳಿದೆ.

ಕುಸುಮಾ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಹಂಗಾದ್ರ ನಾ ಯಾಕವ್ವಾ ಕಾಲೇಜ ಬಿಟ್ಟೆ?"

ಅದೂ ನನ್ನದೇ ತಪ್ಪು ಎನ್ನಲು ನಾನು ಬಾಯಿ ತೆಗೆದೆ. ಕಾಶೀಬಾಯಿ ಕೈ ಎತ್ತಿ ನನ್ನನ್ನು ತಡೆದರು.

"ನಾ ಹೇಳಿದ್ದಕ್ಕ," ಎಂದರು. "ನೀ ಒಲ್ಲೆ ಒಲ್ಲೆ ಅಂತ ಅತ್ತಿದ್ದಿ. ನಾನ ಕೇಳಲಿಲ್ಲ."